ಕುಣಿಯೋರು ಬ್ಯಾರೆ ಅದಾರ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಮೇಲೆ ಒಂದು ಲೇಖನ ಬರೆದುಕೊಡಬೇಕು ಎಂದು ಸಂಪಾದಕ ಮಂಡಳಿಯ ಹಳೆಯ ಗೆಳತಿ ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಮಸ್ಕಿಯ ಅಶೋಕನ ಶಾಸನ. ರಾಯಚೂರು ಜಿಲ್ಲೆಯವರು ಇತಿಹಾಸ ಬರೆಯಲು ಕುಳಿತರೆ ಮಸ್ಕಿಗೆ ಹೋಗಿ ಬರದೆ ಇರುವುದು ಕಷ್ಟ. ಆದರೆ ಅದನ್ನು ಬರೆಯುವವರು ಬಹಳ ಮಂದಿ ಇದ್ದಾರೆ. ನನಗೆ ಬಹಳ ವರ್ಷಗಳಿಂದ ತಲೆಯಲ್ಲಿ ಕುಳಿತಿರುವುದು ನಮ್ಮ ಅಜ್ಜಿ ಆಡಿದ ಒಂದು ಮಾತು. ಅದನ್ನೇ ಬರೆಯುತ್ತೇನೆ.

1980ರ ದಶಕದ ಕೊನೆಯ ವರ್ಷಗಳು. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಗ್ಯಾದರಿಂಗ್ ಹತ್ತಿರ ಬಂದಿತ್ತು. ನಾವು ಎಂಟು ಹುಡುಗಿಯರು ಕೋಲಾಟಕ್ಕೆ ಹೆಸರು ಕೊಟ್ಟಿದ್ದೆವು. ಸಂಜೆ ಶಾಲೆ ಬಿಟ್ಟ ಮೇಲೆ ಒಂದು ತಾಸು ತಾಲೀಮು. ಮನೆಗೆ ತಡವಾಗಿ ಹೋಗುತ್ತಿದ್ದದ್ದರಿಂದ ವಿಷಯ ಅಜ್ಜಿಗೆ ಗೊತ್ತಾಯಿತು. ಆಕೆ ಬೈಯಲಿಲ್ಲ, ಹೊಡೆಯಲಿಲ್ಲ. ರೊಟ್ಟಿ ಬಡಿಯುತ್ತಲೇ ಹೇಳಿದಳು: "ಕಟ್ಟೀ ಮ್ಯಾಲೆ ನಿಂತು ಕುಣಿಯೋದು ನಮ್ಮ ಮನಿ ಹೆಣ್ಮಕ್ಕಳಿಗಿ ಬ್ಯಾಡವಾ. ಕುಣಿಯೋರು ಬ್ಯಾರೆ ಅದಾರ."

ಅಷ್ಟೇ. ಮರುದಿನ ನನ್ನ ಜಾಗಕ್ಕೆ ಬೇರೊಬ್ಬ ಹುಡುಗಿ ಬಂದಳು. ನಾನು ಹಾಡುವವರ ಸಾಲಿಗೆ ಸೇರಿದೆ. ಹಾಡಲು ಅಜ್ಜಿಯ ಅಡ್ಡಿ ಇರಲಿಲ್ಲ.

ನನಗೆ ಆಗ ತಿಳಿಯದಿದ್ದ ಒಂದು ಸಂಗತಿ ಇಲ್ಲಿದೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಓಣಿಯ ಹುಡುಗಿಯರೆಲ್ಲ ಗುಡಿಗೆ ಹೋಗಿ ಕೋಲು ಹಾಕುತ್ತಿದ್ದೆವು. ನನಗೆ ಕೋಲು ಹಿಡಿಯಲು ಕಲಿಸಿದವಳೇ ಈ ಅಜ್ಜಿ. ಎಡಗಾಲು ಯಾವಾಗ ತೆಗೆಯಬೇಕು, ಬಗ್ಗಿ ಏಳುವುದು ಹೇಗೆ ಎಂದು ಅಂಗಳದಲ್ಲಿ ತಾನೇ ಹೆಜ್ಜೆ ಹಾಕಿ ತೋರಿಸಿದ್ದಳು. ಅದು ಆಕೆಯ ಬಾಯಲ್ಲಿ "ಆಡೋದು". ಅದೇ ಹೆಜ್ಜೆ, ಅದೇ ಕೋಲು, ಅದೇ ಹಾಡು ಕಟ್ಟೆಯ ಮೇಲೆ, ಎದುರಿಗೆ ಗಂಡಸರು ಕುಳಿತಾಗ "ಕುಣಿಯೋದು" ಆಗಿಬಿಡುತ್ತಿತ್ತು. ಹೆಜ್ಜೆ ಬದಲಾಗಿರಲಿಲ್ಲ. ನೋಡುವವರು ಬದಲಾಗಿದ್ದರು.

ಕುಣಿಯುವ ಆ "ಬ್ಯಾರೆ" ಮಂದಿ ಯಾರು? ಅವರು ಬೇರೆಯಾದದ್ದು ಯಾವಾಗ? ಇತಿಹಾಸ ಓದಲು ಹೋದ ಮೇಲೆ ಈ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ.

ಶಾಸನಗಳಲ್ಲಿ ಹುಡುಕಿದರೆ ಅವರು ದೂರವೇನೂ ಇಲ್ಲ. ಬಾದಾಮಿಯ ಹತ್ತಿರದ ಮಹಾಕೂಟದಲ್ಲಿ ಚಾಲುಕ್ಯ ದೊರೆ ವಿಜಯಾದಿತ್ಯನ ಕಾಲದ, ಎಂದರೆ ಎಂಟನೆಯ ಶತಮಾನದ ಆಸುಪಾಸಿನ, ಒಂದು ಶಾಸನವಿದೆ. ಅದರಲ್ಲಿ ವಿನಾಪೋಟಿ ಎಂಬ ಹೆಣ್ಣುಮಗಳು ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಛತ್ರಿ ಮತ್ತು ಭೂಮಿಯನ್ನು ದಾನ ಕೊಟ್ಟ ವಿಷಯ ಬರುತ್ತದೆ. ಶಾಸನ ಆಕೆಯನ್ನು ದೊರೆಯ ಪ್ರಾಣವಲ್ಲಭೆ ಎನ್ನುತ್ತದೆ. ಆಕೆಯ ತಾಯಿ, ಅಜ್ಜಿಯರ ಹೆಸರನ್ನೂ ಹೇಳುತ್ತದೆ. ಆಕೆ ಸೂಳೆ ವರ್ಗದವಳು. ಈ ಪದವನ್ನು ಶಾಲೆಯ ಸಂಚಿಕೆಯಲ್ಲಿ ಬರೆಯಲು ನನಗೂ ಸಂಕೋಚವೇ. ಆದರೆ ಹಳಗನ್ನಡದ ಶಾಸನಗಳಲ್ಲಿ ಅದು ಬೈಗುಳವಲ್ಲ, ದೇವಾಲಯ ಮತ್ತು ಅರಮನೆಗಳ ಸೇವೆಯಲ್ಲಿದ್ದ ಹೆಂಗಸರ ಒಂದು ವರ್ಗದ ಹೆಸರು. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಸೂಳೆ ಸಂಕವ್ವೆ ಎಂಬವರಿದ್ದಾರೆ. ಅವರ ಒಂದೇ ವಚನ ನಮಗೆ ಸಿಕ್ಕಿದೆ. ಅದರ ಅಂಕಿತ ನಿರ್ಲಜ್ಜೇಶ್ವರ. ಲಜ್ಜೆಯ ಹೆಸರಿನಲ್ಲಿ ಊರು ತನ್ನನ್ನು ಅಳೆಯುತ್ತದೆ ಎಂದು ಗೊತ್ತಿದ್ದ ಹೆಣ್ಣುಮಗಳು ದೇವರಿಗೇ ಆ ಹೆಸರಿಟ್ಟಳಲ್ಲ ಎಂದು ನನಗೆ ಪ್ರತಿ ಸಲವೂ ಬೆರಗಾಗುತ್ತದೆ.

ದೇವಾಲಯದಲ್ಲಿ ನರ್ತಿಸುವವರಿಗೆ ಶಾಸನಗಳಲ್ಲಿ ಇನ್ನೊಂದು ಹೆಸರು "ಪಾತ್ರ". ನಮ್ಮ ಕಡೆಯ ಮಾತಿನಲ್ಲಿ ಅದು ಪಾತರದವರು ಎಂದಾಯಿತು. ಬೇಂದ್ರೆಯವರ "ಪಾತರಗಿತ್ತಿ ಪಕ್ಕ" ಪದ್ಯವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಉತ್ತರ ಕರ್ನಾಟಕದಲ್ಲಿ ಚಿಟ್ಟೆಗೆ ಪಾತರಗಿತ್ತಿ ಎನ್ನುತ್ತಾರೆ, ಕುಣಿಯುವ ಹೆಣ್ಣಿಗೂ ಪಾತರಗಿತ್ತಿ ಎನ್ನುತ್ತಾರೆ. ಒಂದೇ ಶಬ್ದ. ಚಿಟ್ಟೆಗೆ ಹೇಳಿದರೆ ಮಕ್ಕಳ ಪದ್ಯ, ಹೆಣ್ಣಿಗೆ ಹೇಳಿದರೆ ಜಗಳ.

ಹಾಗಂತ ಕುಣಿದವರೆಲ್ಲ ನಿಂದೆಗೆ ಒಳಗಾದರು ಎನ್ನುವಂತಿಲ್ಲ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಸಂಗೀತ, ನೃತ್ಯಗಳಲ್ಲಿ ಬಲ್ಲಿದಳು ಎಂದು ಶಾಸನಗಳು ಹೊಗಳಿವೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯ ಮದನಿಕೆಯರನ್ನು ಕಂಡವರಿಗೆ ಆಕೆಯ ನೆನಪಾಗುತ್ತದೆ. ನಮ್ಮ ಸರ್ಕಾರ ನೃತ್ಯಕ್ಕೆ ಕೊಡುವ ಪ್ರಶಸ್ತಿಗೂ ಆಕೆಯ ಹೆಸರಿದೆ. ವಿನಾಪೋಟಿಯ ಹೆಸರಿನಲ್ಲಿ ಪ್ರಶಸ್ತಿ ಇಟ್ಟರೆ ಸ್ವೀಕರಿಸಲು ಯಾರು ಬರುತ್ತಾರೋ ತಿಳಿಯದು.

ಈಗ ನೂರು ವರ್ಷಗಳ ಹಿಂದಕ್ಕೆ ಬರೋಣ. ನನ್ನ ಅಜ್ಜಿಯ ಮಾತಿನ ಬೇರು ಬಹುಪಾಲು ಇರುವುದು ಅಲ್ಲಿಯೇ.

1909ರಲ್ಲಿ ಮೈಸೂರು ಸರ್ಕಾರ ತನ್ನ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ದೇವದಾಸಿಯರು ತಮ್ಮ ಸೇವೆ, ಸಂಬಳಗಳನ್ನು ಉಳಿಸಿಕೊಡಬೇಕೆಂದು ಅರ್ಜಿ ಹಾಕಿಕೊಂಡರು, ಫಲ ಸಿಗಲಿಲ್ಲ. ಅದೇ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಇನ್ನೊಬ್ಬ ಹೆಣ್ಣುಮಗಳು ಆ ಹೊತ್ತಿಗೆ ಮದ್ರಾಸಿನಲ್ಲಿ ದೊಡ್ಡ ಹೆಸರು ಮಾಡಿದ್ದರು. ಅವರು ಬೆಂಗಳೂರು ನಾಗರತ್ನಮ್ಮ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು. ಮಗಳಿಗೆ ಸಂಗೀತ, ನೃತ್ಯಗಳ ಜೊತೆಗೆ ಕನ್ನಡ, ತೆಲುಗು, ಸಂಸ್ಕೃತ, ಇಂಗ್ಲಿಷು ಕಲಿಸಿದ್ದರು. ಆ ಕಾಲದಲ್ಲಿ ಗೌರವಸ್ಥ ಎನಿಸಿಕೊಂಡ ಮನೆಗಳ ಎಷ್ಟು ಹೆಣ್ಣುಮಕ್ಕಳಿಗೆ ಇಷ್ಟು ವಿದ್ಯೆ ಸಿಗುತ್ತಿತ್ತು ಎಂದು ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರನ್ನು ಕೇಳಿ ನೋಡಬಹುದು.

ನಾಗರತ್ನಮ್ಮನವರಿಗೆ ಮುದ್ದುಪಳನಿ ಎಂಬ ಕವಯಿತ್ರಿಯ "ರಾಧಿಕಾ ಸಾಂತ್ವನಮು" ಎಂಬ ತೆಲುಗು ಕಾವ್ಯ ಸಿಕ್ಕಿತು. ಮುದ್ದುಪಳನಿ ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಮರಾಠಾ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದವಳು, ತಾನೂ ಗಣಿಕೆ. ಕಾವ್ಯದ ಹಳೆಯ ಮುದ್ರಣದಲ್ಲಿ ಕೆಲವು ಭಾಗಗಳು ಬಿಟ್ಟುಹೋಗಿದ್ದವು. ಕವಯಿತ್ರಿ ತನ್ನ ಬಗ್ಗೆ, ತನ್ನ ತಾಯಿ-ಅಜ್ಜಿಯರ ಬಗ್ಗೆ ಹೇಳಿಕೊಂಡ ಪದ್ಯಗಳೂ ಅದರಲ್ಲಿ ಸೇರಿದ್ದವು. ನಾಗರತ್ನಮ್ಮ ಕೈಬರಹದ ಪ್ರತಿ ಹುಡುಕಿ, ಪೂರ್ಣ ಪಾಠವನ್ನು ಸಿದ್ಧಪಡಿಸಿ 1910ರಲ್ಲಿ ವಾವಿಳ್ಳ ಪ್ರಕಾಶನದಿಂದ ಅಚ್ಚು ಹಾಕಿಸಿದರು. ಗದ್ದಲ ಎದ್ದಿತು. ಗದ್ದಲ ಎಬ್ಬಿಸಿದವರಲ್ಲಿ ಮುಖ್ಯರು ಕಂದುಕೂರಿ ವೀರೇಶಲಿಂಗಂ. ಅವರು ಸಾಮಾನ್ಯರಲ್ಲ, ವಿಧವಾ ವಿವಾಹಕ್ಕಾಗಿ ಜೀವ ತೇಯ್ದವರು, ಆಂಧ್ರದ ಸ್ತ್ರೀಶಿಕ್ಷಣದ ಹಿರಿಯರು. ಕಾವ್ಯ ಅಶ್ಲೀಲ, ಹೆಂಗಸೊಬ್ಬಳ ಬಾಯಿಂದ ಬರಬಾರದ್ದು ಎಂಬುದು ಅವರ ವಾದ. ನಾಗರತ್ನಮ್ಮ ಸುಮ್ಮನಿರಲಿಲ್ಲ. ನಾಚಿಕೆ ಹೆಂಗಸರಿಗೆ ಮಾತ್ರ ಇರಬೇಕಾದದ್ದೋ ಗಂಡಸರಿಗೂ ಬೇಕೋ ಎಂದು ಕೇಳಿದರು. ಗಂಡು ಕವಿಗಳು ಬರೆದ ಇಂಥವೇ ಕಾವ್ಯಗಳನ್ನು ತಾವೇ ಮೆಚ್ಚಿ ಪಠ್ಯಕ್ಕೆ ಒಪ್ಪಿದ್ದೀರಲ್ಲ ಎಂದು ತೋರಿಸಿಕೊಟ್ಟರು. 1911ರಲ್ಲಿ ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ವಶಪಡಿಸಿಕೊಂಡು ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆಗೆದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಮುಖ್ಯಮಂತ್ರಿಯಾಗಿದ್ದಾಗ. ಮೂವತ್ತಾರು ವರ್ಷ!

ಇದಿಷ್ಟನ್ನು ಕೇಳಿದವರು ನಾಗರತ್ನಮ್ಮನವರನ್ನು ಸ್ತ್ರೀವಾದಿ ಎಂದರೆ ತಕರಾರು ಮಾಡುವವರು ಕಡಿಮೆ. ಅವರು ತಿರುವಯ್ಯಾರಿನಲ್ಲಿ ತಮ್ಮ ಹಣದಿಂದ ತ್ಯಾಗರಾಜರ ಸಮಾಧಿಯ ಗುಡಿ ಕಟ್ಟಿಸಿದರು. ಅಲ್ಲಿಯ ಆರಾಧನೆಯಲ್ಲಿ ಹಾಡಲು ಹೆಂಗಸರಿಗೆ ಅವಕಾಶವಿಲ್ಲ ಎಂದಾಗ ಹೆಂಗಸರದೇ ಬೇರೆ ಆರಾಧನೆ ಶುರು ಮಾಡಿದರು. ಇಂದು ಅಲ್ಲಿ ಗಂಡಸರು, ಹೆಂಗಸರು ಒಟ್ಟಿಗೆ ಕುಳಿತು ಹಾಡುತ್ತಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. 1952ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲಿಯೇ, ತ್ಯಾಗರಾಜರ ಎದುರಿಗೇ ಇದೆ.

ಆದರೆ ಅದೇ ಮದ್ರಾಸಿನಲ್ಲಿ ಅದೇ ಕಾಲಕ್ಕೆ ಇನ್ನೊಬ್ಬ ಹೆಣ್ಣುಮಗಳಿದ್ದರು. ಡಾ. ಮುತ್ತುಲಕ್ಷ್ಮಿ ರೆಡ್ಡಿ, 1886ರಲ್ಲಿ ಪುದುಕೋಟೆಯಲ್ಲಿ ಹುಟ್ಟಿದವರು. ವೈದ್ಯೆ, ಮದ್ರಾಸ್ ವಿಧಾನ ಪರಿಷತ್ತಿನ ಮೊದಲ ಮಹಿಳಾ ಸದಸ್ಯೆ, ಮುಂದೆ ಅಡಯಾರಿನ ಕ್ಯಾನ್ಸರ್ ಆಸ್ಪತ್ರೆ ಕಟ್ಟಿದವರು. ಅವರ ತಾಯಿ ಚಂದ್ರಮ್ಮಾಳ್ ಹುಟ್ಟಿದ್ದೂ ದೇವದಾಸಿಯರ ಸಮುದಾಯದಲ್ಲಿಯೇ. 1927ರಿಂದ ಅವರು ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯ ವಿರುದ್ಧ ಪರಿಷತ್ತಿನಲ್ಲಿ ಹೋರಾಡಿದರು. 1929ರಲ್ಲಿ ದೇವದಾಸಿಯರ ಇನಾಮು ಭೂಮಿಯ ಬಗ್ಗೆ ಕಾನೂನಾಯಿತು. ಪೂರ್ತಿ ನಿಷೇಧದ ಕಾಯ್ದೆ ಬಂದದ್ದು 1947ರಲ್ಲಿ. ನಮ್ಮ ನೆರೆಯ ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹಾಗಾಗಿ ಈ ಕಾನೂನು ಕನ್ನಡ ನಾಡಿಗೂ ಬಂತು.

ಈ ಮಸೂದೆಯನ್ನು ಎದುರಿಸಿ ನಿಂತವರ ಮುಂದಾಳುಗಳಲ್ಲಿ ಒಬ್ಬರು ನಾಗರತ್ನಮ್ಮ. ಮದ್ರಾಸಿನ ದೇವದಾಸಿಯರು ಸಂಘ ಕಟ್ಟಿಕೊಂಡು ಸರ್ಕಾರಕ್ಕೆ ಮನವಿ ಕೊಟ್ಟರು. ನಮ್ಮನ್ನು ವೇಶ್ಯೆಯರ ಜೊತೆ ಸೇರಿಸಬೇಡಿ, ನಾವು ಕಲೆಯವರು, ನಮಗೆ ಆಸ್ತಿಯ ಹಕ್ಕಿದೆ, ನಮ್ಮಲ್ಲಿ ತಪ್ಪಿದ್ದರೆ ವಿದ್ಯೆ ಕೊಟ್ಟು ತಿದ್ದಿ, ವೃತ್ತಿಯನ್ನೇ ಕಿತ್ತುಕೊಳ್ಳಬೇಡಿ ಎಂಬುದು ಅದರ ಸಾರ. ಆಸ್ತಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮದುವೆಯಾದ ಹಿಂದೂ ಹೆಣ್ಣಿಗೆ ತವರಿನ ಆಸ್ತಿಯಲ್ಲಿ ಪಾಲಿಲ್ಲದ ಆ ಕಾಲದಲ್ಲಿ ದೇವದಾಸಿಯರಲ್ಲಿ ಆಸ್ತಿ ತಾಯಿಯಿಂದ ಮಗಳಿಗೆ ಹೋಗುತ್ತಿತ್ತು. ಅವರು ಹೆಣ್ಣುಮಕ್ಕಳನ್ನು ದತ್ತು ತೆಗೆದುಕೊಳ್ಳುತ್ತಿದ್ದರು, ಕೋರ್ಟುಗಳೂ ಅದನ್ನು ಒಪ್ಪುತ್ತಿದ್ದವು. ಆ ಹಕ್ಕು ಹೋಗುತ್ತದೆ ಎಂಬ ಅಳಲು ಸುಳ್ಳಲ್ಲ. ಇನ್ನೊಂದು ಕಡೆ, ಆರೇಳು ವರ್ಷದ ಮಗುವನ್ನು ಕೇಳದೆ ದೇವರಿಗೆ ಬಿಡುವುದು ಯಾವ ನ್ಯಾಯ ಎಂದ ಮುತ್ತುಲಕ್ಷ್ಮಿಯವರ ಸಿಟ್ಟೂ ಸುಳ್ಳಲ್ಲ. ತನ್ನ ತಾಯಿಯ ಬಾಳನ್ನು ಕಣ್ಣಾರೆ ಕಂಡವರ ಸಿಟ್ಟು ಅದು.

ಇವತ್ತು ಪುಸ್ತಕಗಳಲ್ಲಿ ಇಬ್ಬರಿಗೂ ಸ್ತ್ರೀವಾದಿ ಎಂಬ ಒಂದೇ ಬಿರುದು. ಅವರು ಬದುಕಿದ್ದಾಗ ಎದುರುಬದುರು ನಿಂತವರು. ಇಬ್ಬರ ಕೊರಳಿಗೂ ಒಂದೇ ಹಾರ ಹಾಕಿ ಪಕ್ಕಪಕ್ಕದಲ್ಲಿ ಫೋಟೋ ತೂಗುಹಾಕಿದರೆ ನೋಡುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಅವರ ನಡುವಿನ ಜಗಳ ಗೋಡೆಯ ಹಿಂದೆ ಹೋಗಿಬಿಡುತ್ತದೆ. ಇತಿಹಾಸ ಓದುವವರಿಗೆ ಬೇಕಾದದ್ದು ಆ ಜಗಳವೇ. ನಾನು ಪಾಠ ಹೇಳುವಾಗ ಇಬ್ಬರಲ್ಲಿ ಯಾರು ಸರಿ ಎಂದು ಮಕ್ಕಳು ಕೇಳುತ್ತಾರೆ. ಮಗುವಿನ ವಿಷಯದಲ್ಲಿ ಮುತ್ತುಲಕ್ಷ್ಮಿ, ಕಲಿತು ಬೆಳೆದ ಹೆಣ್ಣಿನ ವಿಷಯದಲ್ಲಿ ನಾಗರತ್ನಮ್ಮ ಎನ್ನುತ್ತೇನೆ. ಅದು ಜಾರಿಕೊಳ್ಳುವ ಉತ್ತರ ಎಂದು ಒಬ್ಬ ಹುಡುಗ ಎದ್ದು ಹೇಳಿದ್ದೂ ಉಂಟು.

ಬಿರುದಿನಿಂದ ಉಪಯೋಗವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮುದ್ದುಪಳನಿಯ ಹೆಸರು ತೆಲುಗು ಪಂಡಿತರ ಹೊರಗೆ ದೇಶಕ್ಕೆಲ್ಲ ತಿಳಿದದ್ದು ಹೈದರಾಬಾದಿನ ಸೂಸಿ ತಾರು ಮತ್ತು ಕೆ. ಲಲಿತಾ 1991ರಲ್ಲಿ ಭಾರತದ ಮಹಿಳೆಯರ ಬರಹಗಳ ದೊಡ್ಡ ಸಂಪುಟ ಹೊರತಂದಾಗ. ಹೆಂಗಸರು ಬರೆದದ್ದು ಎಲ್ಲಿ ಹೋಯಿತು, ಯಾರು ಅಡಗಿಸಿದರು ಎಂದು ಸ್ತ್ರೀವಾದಿಗಳು ಕೇಳಿದ್ದರಿಂದಲೇ ಆ ಹುಡುಕಾಟ ನಡೆಯಿತು. ಕನ್ನಡದಲ್ಲಿ ವಿಜಯಾ ದಬ್ಬೆಯವರು ಹಳೆಯ ಸಾಹಿತ್ಯವನ್ನು ಮತ್ತೆ ಓದಿದ್ದೂ ಇದೇ ಪ್ರಶ್ನೆ ಹಿಡಿದುಕೊಂಡು. ಪ್ರಶ್ನೆಯಾಗಿ ಬಂದಾಗ ಆ ಶಬ್ದ ಬೀಗ ತೆಗೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಅದು ಬೇರೆ ಕೆಲಸವನ್ನೂ ಮಾಡುತ್ತದೆ ಎನ್ನುವುದನ್ನು ಮರೆಯಬಾರದು. ಹೆಣ್ಣುಮಗಳು ಸಭೆಯಲ್ಲಿ ಎದ್ದು ಎರಡು ಮಾತು ಕೇಳಿದರೆ "ಈಕಿ ಸ್ತ್ರೀವಾದಿ ಇದ್ದಾಳ್ರಿ" ಎಂದು ನಕ್ಕು ಕೂರಿಸುತ್ತಾರೆ. ನನ್ನನ್ನೂ ಹಾಗೆ ಕೂರಿಸಿದ್ದಾರೆ.

ಮದ್ರಾಸಿನ ಕಥೆಯನ್ನು ಚುಟುಕಾಗಿ ಮುಗಿಸುತ್ತೇನೆ. ದೇವದಾಸಿಯರಿಂದ ನೃತ್ಯ ಬಿಟ್ಟುಹೋಗುತ್ತಿದ್ದ ಹೊತ್ತಿಗೇ ಅದು ಬೇರೆ ಮನೆಗಳಿಗೆ ಬಂತು. ಸದಿರು ಎಂಬ ಹೆಸರು ಹೋಗಿ ಭರತನಾಟ್ಯವಾಯಿತು. ರುಕ್ಮಿಣಿದೇವಿ ಅರುಂಡೇಲ್ 1935ರಲ್ಲಿ ಸಭೆಯ ಮುಂದೆ ನರ್ತಿಸಿದರು, 1936ರಲ್ಲಿ ಕಲಾಕ್ಷೇತ್ರ ಕಟ್ಟಿದರು. ಅವರ ಧೈರ್ಯದಿಂದಲೇ ಸಾವಿರಾರು ಹೆಣ್ಣುಮಕ್ಕಳಿಗೆ ನೃತ್ಯ ಕಲಿಯಲು ಮನೆಯವರ ಒಪ್ಪಿಗೆ ಸಿಕ್ಕಿತು. ನೃತ್ಯದಲ್ಲಿಯ ಶೃಂಗಾರವನ್ನು ಶುದ್ಧ ಮಾಡಬೇಕು ಎಂಬ ಮಾತನ್ನು ಹಳೆಯ ಪರಂಪರೆಯ ಬಾಲಸರಸ್ವತಿ ಒಪ್ಪಲಿಲ್ಲ. ಶೃಂಗಾರದಲ್ಲಿ ತೊಳೆಯಬೇಕಾದ ಕೊಳೆ ಯಾವುದೂ ಇಲ್ಲ ಎಂಬುದು ಅವರ ನಿಲುವು. ಇಲ್ಲಿಯೂ ಎದುರುಬದುರು ಇಬ್ಬರು ಹೆಂಗಸರೇ.

ನಮ್ಮ ರಾಜ್ಯದಲ್ಲಿ ಇದಕ್ಕೆ ಹೋಲಿಸಬಹುದಾದ ಹೆಸರು ಕೆ. ವೆಂಕಟಲಕ್ಷಮ್ಮ. ಅವರ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಒಂದು ಮಹಿಳಾ ದಿನಾಚರಣೆಯಂದು ನಾನು ಪಾಠ ಮಾಡುವ ಕಾಲೇಜಿನಲ್ಲಿ ಅವರ ಬಗ್ಗೆ ಭಾಷಣ ಮಾಡಿದೆ. 1906ರಲ್ಲಿ ಕಡೂರಿನ ಹತ್ತಿರದ ತಂಗಲಿ ತಾಂಡಾದಲ್ಲಿ ಲಂಬಾಣಿ ಕುಟುಂಬದಲ್ಲಿ ಹುಟ್ಟಿದರು. ಎಂಟನೆಯ ವಯಸ್ಸಿಗೆ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಬಳಿ ಕಲಿಯಲು ಸೇರಿದರು. ತಾಯಮ್ಮ ಅರಮನೆಯ ಜಟ್ಟಿ, ಎಂದರೆ ಪೈಲ್ವಾನರ ಮನೆತನದವರು, ಅಭಿನಯದಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. 1939ರಲ್ಲಿ ವೆಂಕಟಲಕ್ಷಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ತೆರೆದಾಗ ಅಲ್ಲಿ ಮೊದಲ ರೀಡರ್ ಆಗಿ 1974ರವರೆಗೆ ಕಲಿಸಿದರು. 1992ರಲ್ಲಿ ಪದ್ಮಭೂಷಣ. 2002ರಲ್ಲಿ ತೀರಿಕೊಂಡರು. ಇಷ್ಟು ಹೇಳಿ, ಚಪ್ಪಾಳೆಯ ಆಸೆಗೆ, "ಇವರು ಕರ್ನಾಟಕದ ಮೊದಲ ಸ್ತ್ರೀವಾದಿ ನರ್ತಕಿ" ಎಂದುಬಿಟ್ಟೆ.

ಕಾರ್ಯಕ್ರಮ ಮುಗಿದ ಮೇಲೆ ದೇವದುರ್ಗದ ಕಡೆಯ ಒಂದು ತಾಂಡಾದಿಂದ ಬರುತ್ತಿದ್ದ ವಿದ್ಯಾರ್ಥಿನಿ ನನ್ನ ಹತ್ತಿರ ಬಂದಳು. "ಮೇಡಂ, ಅವರು ತಮ್ಮನ್ನ ತಾವು ಹಂಗ ಕರಕೊಂಡಿದ್ರೇನ್ರಿ?"

ನಾನು ಇಲ್ಲ ಎಂದೆ.

"ಮತ್ತ ಅವರು ಲಂಬಾಣ್ಯಾರು ಅನ್ನೋದನ್ನ ನೀವು ಒಂದ್ಸಲ ಅಂದು ಬಿಟ್ರಿ. ನಮ್ಮ ತಾಂಡಾದಾಗ ತೀಜ್ ಹಬ್ಬಕ್ಕ ಹೆಂಗಸರೆಲ್ಲ ಕುಣಿತಾರ್ರಿ, ಹೋಳಿಗಿ ಕುಣಿತಾರ್ರಿ. ಅದಕ್ಕ ಯಾರೂ ಏನೂ ಅನ್ನಂಗಿಲ್ಲ. ಆಕಿ ಅಲ್ಲಿಂದ ಹೋದಾಕಿ ಅಂತ ನನಗ ಅನಸ್ತದ್ರಿ."

ಆ ಹುಡುಗಿ ಹೇಳಿದ್ದನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ವೆಂಕಟಲಕ್ಷಮ್ಮ ಮೈಸೂರಿನಲ್ಲಿ ಕಲಿತದ್ದು ಅರಮನೆಯ ನೃತ್ಯ, ತಾಂಡಾದ ನೃತ್ಯವಲ್ಲ. ಅದು ಬೇರೆ ವಿಷಯ. ಆದರೆ ಹೆಂಗಸು ಎಲ್ಲರೆದುರು ಕುಣಿದರೆ ಮಾನ ಹೋಗುತ್ತದೆ ಎಂದು ನಂಬದ ಒಂದು ಸಮುದಾಯ ನಮ್ಮ ಊರುಗಳ ಪಕ್ಕದಲ್ಲಿಯೇ ಇದೆ. ಮಾನ್ವಿ, ದೇವದುರ್ಗ ತಾಲೂಕುಗಳ ತಾಂಡಾಗಳನ್ನು ದಾಟಿಕೊಂಡೇ ನಾವು ದಿನಾ ಓಡಾಡುತ್ತೇವೆ. ಕನ್ನಡಿ ಹೊಲಿದ ಫೇಟಿಯಾ ಉಟ್ಟು ವೃತ್ತಾಕಾರವಾಗಿ ಬಾಗಿ ಏಳುವ ಆ ಹೆಂಗಸರನ್ನು ಗಣರಾಜ್ಯೋತ್ಸವದ ಮೆರವಣಿಗೆಗೆ ಮಾತ್ರ ಕರೆಯುತ್ತೇವೆ. ನನ್ನ ಅಜ್ಜಿಯ ನಿಯಮ ಅವರಿಗೆ ಅನ್ವಯಿಸುವುದಿಲ್ಲ, ಆಕೆಯ ಲೆಕ್ಕದಲ್ಲಿ ಅವರೂ "ಬ್ಯಾರೆ". ಬಿರುದು ಅಂಟಿಸುವ ಅವಸರದಲ್ಲಿ ನಾನು ಬಿಟ್ಟದ್ದು ಇದನ್ನೇ.

ಅಜ್ಜಿಯ ಮಾತಿನ ಹಿಂದೆ ಇನ್ನೊಂದು, ಹೆಚ್ಚು ಕಹಿಯಾದ ಅರ್ಥವಿತ್ತು. ರಾಯಚೂರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಮೈಸೂರಿನ 1909ರ ಆದೇಶವಾಗಲಿ, ಧಾರವಾಡ, ಬೆಳಗಾವಿಗಳಿಗೆ ಬಂದ ಮುಂಬೈ ಪ್ರಾಂತ್ಯದ 1934ರ ಕಾಯ್ದೆಯಾಗಲಿ, ಮದ್ರಾಸಿನ ಕಾನೂನಾಗಲಿ ಇಲ್ಲಿಗೆ ಮುಟ್ಟಲಿಲ್ಲ. ಇಡೀ ಕರ್ನಾಟಕಕ್ಕೆ ಒಂದೇ ಎಂದು ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ನಾನು ಗ್ಯಾದರಿಂಗಿಗೆ ಹೆಸರು ಕೊಟ್ಟ ಕಾಲಕ್ಕೆ ಅದಕ್ಕೆ ಹತ್ತು ವರ್ಷವೂ ಆಗಿರಲಿಲ್ಲ.

ನಮ್ಮ ಕಡೆಯ ಪದ್ಧತಿಯನ್ನು ನಾಗರತ್ನಮ್ಮನವರ ಮನೆತನದೊಂದಿಗೆ ಸೇರಿಸಿ ಮಾತನಾಡುವುದು ತಪ್ಪು. ಅಲ್ಲಿ ವಿದ್ಯೆ, ಆಸ್ತಿ, ಆಸ್ಥಾನ ಇದ್ದವು. ಇಲ್ಲಿ ಎಲ್ಲಮ್ಮನಿಗೋ ಹುಲಿಗೆಮ್ಮನಿಗೋ ಮುತ್ತು ಕಟ್ಟಿಸಿಕೊಂಡವರು ಬಹುಪಾಲು ದಲಿತ ಮನೆಗಳ ಹೆಣ್ಣುಮಕ್ಕಳು. ಅವರಲ್ಲಿ ಹೆಚ್ಚಿನವರ ಬದುಕು ಕೂಲಿಯ ಮೇಲೆ ನಡೆಯಿತು. ದೇವದಾಸಿಯರು ಗಂಡನ ಹಂಗಿಲ್ಲದ ಸ್ವತಂತ್ರ ಹೆಂಗಸರು, ಅವರೇ ಮೊದಲ ಸ್ತ್ರೀವಾದಿಗಳು ಎಂದು ಈಚೆಗೆ ಕೆಲವರು ಬರೆಯುವುದನ್ನು ಓದಿದ್ದೇನೆ. ಅವರನ್ನು ಮಾನ್ವಿ ಬಸ್ ನಿಲ್ದಾಣದಲ್ಲಿ ಇಳಿಸಿ ಸುತ್ತಿನ ಎರಡು ಕೇರಿಗಳಿಗೆ ಕರೆದುಕೊಂಡು ಹೋಗಬೇಕು ಅನಿಸುತ್ತದೆ. ರಾಜ್ಯ ಸರ್ಕಾರದ 1993-94ರ ಸಮೀಕ್ಷೆಯಲ್ಲಿ 22,873 ಮಂದಿ, 2007-08ರ ಸಮೀಕ್ಷೆಯೂ ಸೇರಿ ಒಟ್ಟು 46,660 ಮಂದಿ ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಕಾಯ್ದೆ ಬಂದು ಇಪ್ಪತ್ತೈದು ವರ್ಷಗಳ ನಂತರದ ಮಾತು ಇದು. ಮೊದಲ ಸಲ ಪಟ್ಟಿಗೆ ಬಾರದವರು ಎರಡನೆಯ ಸಲ ಬಂದಿರಬಹುದು, ಅದೂ ಒಂದು ಕಾರಣ.

ಹಾಗೆಂದು ಅವರೆಲ್ಲ ಬರೀ ದುಃಖದ ಮೂಟೆಗಳೂ ಅಲ್ಲ. ಕೆಲವು ವರ್ಷಗಳ ಹಿಂದೆ ದೇವದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿಯನ್ನು ಕಂಡೆ. ಹರೆಯದಲ್ಲಿ ಚೌಡಿಕೆ ಪದಕ್ಕೆ ಕೊಡ ಹೊತ್ತು ಕುಣಿಯುವುದರಲ್ಲಿ ಹೆಸರಾದವಳಂತೆ. ನಾನು ಆಕೆಯ ಕಷ್ಟ ಕೇಳಿ ಬರೆದುಕೊಳ್ಳಲು ವಹಿ ತೆರೆದೆ. ಆಕೆ ಪೆಟ್ಟಿಗೆಯಿಂದ ಮಾಸಾಶನದ ಕಾಗದ ತೆಗೆದು ನನ್ನ ಕೈಗಿಟ್ಟಳು.

"ಓದವಾ, ಏನು ಬರದಾರ?"

"ಮಾಜಿ ದೇವದಾಸಿ ಅಂತ ಬರದಾರ."

"ಹೂಂ. ರೊಕ್ಕ ಬರ್ತದ, ಬ್ಯಾಡ ಅನ್ನಂಗಿಲ್ಲ. ನನ್ನ ಮಗಳಿಗಿ ಮುತ್ತು ಕಟ್ಟಾಕ ನಾ ಬಿಡಲಿಲ್ಲ, ಅದೂ ಬರಕೋ. ಆದ್ರ ತಲಿ ಮ್ಯಾಲಿನ ಕೊಡ ಬೀಳದಂಗ ಇಡೀ ರಾತ್ರಿ ಕುಣಿತಿದ್ನೆಲ್ಲ, ಅದನ್ನ ಯಾರೂ ಎಲ್ಲೂ ಬರದಿಲ್ಲ."

ಮಗಳನ್ನು ಬಿಡದಿದ್ದದ್ದೂ ಆಕೆಯೇ, ಕುಣಿತವನ್ನು ಬಿಟ್ಟುಕೊಡದವಳೂ ಆಕೆಯೇ. ಮುತ್ತುಲಕ್ಷ್ಮಿ, ನಾಗರತ್ನಮ್ಮ ಇಬ್ಬರ ವಾದವೂ ಒಬ್ಬಳಲ್ಲಿಯೇ ಕೂಡಿ ಕುಳಿತಿತ್ತು. ಆಕೆಗೆ ಸ್ತ್ರೀವಾದ ಎಂಬ ಶಬ್ದ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ವಹಿಯಲ್ಲಿ ಎರಡನ್ನೂ ಬರೆದುಕೊಂಡೆ.

ಆ ಕೊಡದ ಕುಣಿತಕ್ಕೆ ಕೊನೆಗೂ ಸರ್ಕಾರದ ಗೌರವ ಸಿಕ್ಕಿತು. ಮರಿಯಮ್ಮನಹಳ್ಳಿಯಲ್ಲಿ ಕಾಳವ್ವ ಜೋಗತಿಯವರ ಬಳಿ ಕಲಿತ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹುಟ್ಟಿದಾಗ ಗಂಡು ಎಂದು ಹೆಸರಿಟ್ಟವರನ್ನು ಹೆಣ್ಣಾಗಿ ಒಪ್ಪಿಕೊಂಡದ್ದು ಜೋಗತಿಯರ ಬಳಗ. ಟಿ.ವಿ.ಯಲ್ಲಿ ಅವರು ಪ್ರಶಸ್ತಿ ಪಡೆಯುವುದನ್ನು ನೋಡುವಾಗ ನಮ್ಮ ಅಜ್ಜಿ ಇದ್ದಿದ್ದರೆ ಏನನ್ನುತ್ತಿದ್ದಳು ಎಂದು ಯೋಚಿಸಿದೆ. ಬಹುಶಃ, "ನೋಡವಾ, ಕೊಡ ಬೀಳಂಗಿಲ್ಲ" ಅನ್ನುತ್ತಿದ್ದಳು. ಆಕೆಗೆ ಹೆಜ್ಜೆಯ ಬೆಲೆ ಗೊತ್ತಿತ್ತು. ಮೊಮ್ಮಗಳಿಗೆ ಆ ಹೆಸರು ಅಂಟಬಾರದು ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಕುಣಿದ ಹುಡುಗಿಗೆ ಮದುವೆಯಾಗದಿದ್ದರೆ ಏನು ಎಂದು ಹೆದರಿದ ಎಲ್ಲ ಅಜ್ಜಿಯರ ಹಾಗೆ.

ಈ ಲೇಖನಕ್ಕಾಗಿ ಟ್ರಂಕಿನಲ್ಲಿದ್ದ ಹಳೆಯ ಫೋಟೋ ಒಂದನ್ನು ತೆಗೆದೆ. ಆ ವರ್ಷದ ಗ್ಯಾದರಿಂಗಿನದು. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಅತಿಥಿಗಳು, ಗುರುಗಳು. ಹಿಂದೆ ಕೋಲು ಹಿಡಿದ ಎಂಟು ಹುಡುಗಿಯರು. ಪಕ್ಕದಲ್ಲಿ ಹಾಡುವವರ ಗುಂಪಿನಲ್ಲಿ ಅರ್ಧ ಮುಖ ಮಾತ್ರ ಕಾಣುವವಳು ನಾನು. ಫೋಟೋದ ಹಿಂದೆ ನನ್ನದೇ ಕೈಬರಹ. ಕುರ್ಚಿಯ ಮೇಲೆ ಕುಳಿತ ಎಲ್ಲರ ಹೆಸರು, ಹುದ್ದೆ, ಊರುಗಳನ್ನು ಎಡದಿಂದ ಬಲಕ್ಕೆ ಅಚ್ಚುಕಟ್ಟಾಗಿ ಬರೆದಿದ್ದೇನೆ. ಕೊನೆಯಲ್ಲಿ "ಮತ್ತು ಕೋಲಾಟದ ಹುಡುಗಿಯರು" ಎಂದಿದೆ.

ಎಂಟರಲ್ಲಿ ಮೂವರ ಹೆಸರು ಈಗಲೂ ನೆನಪಿದೆ. ನನ್ನ ಜಾಗಕ್ಕೆ ಬಂದವಳು ಎಡದಿಂದ ಐದನೆಯವಳು, ಎರಡು ಜಡೆ ಹಾಕಿಕೊಂಡಿದ್ದಾಳೆ, ಆಕೆಯ ಹೆಸರು ಎಷ್ಟು ಯೋಚಿಸಿದರೂ ಬರುತ್ತಿಲ್ಲ. ಸಂಚಿಕೆ ಓದುವ ಆ ವರ್ಷಗಳ ವಿದ್ಯಾರ್ಥಿನಿಯರು, ನೀವೋ ನಿಮ್ಮ ಅಕ್ಕತಂಗಿಯರೋ ಆ ಎಂಟರಲ್ಲಿ ಇದ್ದರೆ, ಸಂಪಾದಕ ಮಂಡಳಿಗೆ ದಯವಿಟ್ಟು ತಿಳಿಸಿ. ಫೋಟೋವನ್ನು ಅವರ ಬಳಿ ಕೊಟ್ಟಿದ್ದೇನೆ. ಅದರ ಹಿಂದೆ ಇನ್ನೂ ಜಾಗವಿದೆ.